ಮೊಣಕಾಲು ನೋವಿಗೆ ಬುಲ್ಡೋಜರ್

ಮೊಣಕಾಲು ನೋವು ಬಂದರೆ ಜನ ಎಣ್ಣೆ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ, ತೀರಾ ಆಗದಿದ್ದರೆ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಬುಲ್ಡೋಜರ್ ಕೊಂಡವನು ಈ ಭೂಮಿಯ ಮೇಲೆ ನನ್ನ ಸೋದರಮಾವ ಒಬ್ಬನೇ! ಅದೂ ಸಣ್ಣಪುಟ್ಟದ್ದಲ್ಲ. ಕಬ್ಬಿಣದ ಚೈನಿನ ಮೇಲೆ ತೆವಳುವ, ಎದುರಿಗೆ ನಿಂತರೆ ಆಕಾಶವೇ ಕಾಣದಷ್ಟು ದೊಡ್ಡ ಡೋಜರು. ಸೆಕೆಂಡ್ ಹ್ಯಾಂಡ್ ಬೇರೆ!

ಹರಿಯಬ್ಬೆಯ ನಮ್ಮ ಮಾವ ಹುಟ್ಟಾ ಕುರಿಗಾರ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಸೀಮೆಯವರೆಗೂ ಹೋಗುವುದು, ರಾತ್ರಿ ಯಾರದೋ ಖಾಲಿ ಹೊಲದಲ್ಲಿ ಮಂದೆ ನಿಲ್ಲಿಸುವುದು, ಹೊಲಕ್ಕೆ ಬಿದ್ದ ಗೊಬ್ಬರಕ್ಕೆ ಪ್ರತಿಯಾಗಿ ರಾಗಿಯನ್ನೋ ಜೋಳವನ್ನೋ ಇಸಿದುಕೊಂಡು ಮುಂದಿನ ಹೊಲಕ್ಕೆ ಹೊರಡುವುದು, ಇದೇ ಅವನ ಬದುಕು. ಹೋದ ವರ್ಷ ಡಾಕ್ಟರು ಅವನ ಎರಡೂ ಮೊಣಕಾಲು ನೋಡಿ, ಇನ್ನು ಕುರಿ ಹಿಂದೆ ನಡೆಯುವ ಹಾಗಿಲ್ಲ ಎಂದುಬಿಟ್ಟರು. ಅತ್ತೆ ಮಂದೆ ಮಾರಿಸಿದಳು. ಮನೆಯ ಬಾಗಿಲಲ್ಲೇ ಒಂದು ಕಿರಾಣಿ ಅಂಗಡಿ ಹಾಕಿ ಗಂಡನನ್ನು ಗಲ್ಲಾದ ಹಿಂದೆ ಕೂರಿಸುವುದು ಅವಳ ಯೋಜನೆ.

ಮಾವ ಜಗಲಿಯ ಮೇಲೆ ಕೂತ. ಕೂತೇ ಇದ್ದ. ನಗುವುದು ಬಿಟ್ಟ, ಊಟ ಅರ್ಧಕ್ಕೇ ಬಿಟ್ಟ, ಬಾಗಿಲ ಮುಂದೆ ಹಾಯುವ ಬಸ್ಸುಗಳನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ. "ಹಿಂಗೇ ಕುಂತ್ರೆ ಈ ಮನುಷ್ಯ ಮುಂದಿನ ಮಳೆಗಾಲ ಕಾಣಲ್ಲ ಕಣಪ್ಪ. ನಿನ್ನತ್ರಕ್ಕೆ ಕಳಿಸ್ತೀನಿ, ಅಂಗಡಿಗೆ ಒಂದು ತಕ್ಕಡಿ ಕೊಡ್ಸು, ಮನಸ್ಸಿಗೂ ಹಗುರಾದೀತು" ಎಂದು ಅತ್ತೆ ನನಗೆ ಫೋನಿನಲ್ಲಿ ಅತ್ತಳು. ನಾನು ಚಿತ್ರದುರ್ಗದಲ್ಲಿ ನೌಕರಿಯಲ್ಲಿರುವವನು. ಓದಿದವನಾದ್ದರಿಂದ ತಕ್ಕಡಿ ನನಗೆ ಗೊತ್ತಿರುತ್ತದೆ ಎಂಬ ನಂಬಿಕೆ ಪಾಪ ಅವಳಿಗೆ!

ಮಾವ ಬಂದ. ತಕ್ಕಡಿಯ ಮಾತೇ ಇಲ್ಲ. "ರಾಮಗಿರಿ ಕಡೆ ಒಂದು ಮಾಲು ಐತಂತೆ, ನೋಡ್ಕಂಡು ಬರಾಣ ಬಾರ್ಲೇ" ಅಂದ. ಮತ್ತೆ ಕುರಿ ಕೊಳ್ಳಲು ಹೊರಟಿದ್ದಾನೆಂದು ಹೆದರಿಕೊಂಡೇ ಹೋದೆ. ಹೋಗಿ ನೋಡಿದರೆ ಗಣಿ ಕೆಲಸದಲ್ಲಿ ದುಡಿದು ದಣಿದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಬಯಲು. ಕುರಿಯನ್ನೇ ಕೊಂಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ!

ಮಾವ ಆ ಡೋಜರಿನ ಸುತ್ತ ಕುಂಟುತ್ತಾ ಒಂದು ಸುತ್ತು ಬಂದ. ಬೆನ್ನು ಸವರಿದ. ಕುರಿಯ ಸೊಂಟ ಹಿಚುಕಿ ಮಾಂಸ ನೋಡುವ ಹಾಗೆ ಅಲ್ಲಲ್ಲಿ ಹಿಚುಕಿದ. ಆಮೇಲೆ ಹಿಂದೆ ಹೋಗಿ, ನೆಲ ಸೀಳಲು ಇಟ್ಟಿದ್ದ ಮೂರು ಉಕ್ಕಿನ ಹಲ್ಲುಗಳನ್ನು ಕಂಡು, ಕುರಿಯ ಹಲ್ಲೆಣಿಸಿ ವಯಸ್ಸು ಹೇಳುವ ಮನುಷ್ಯ ಮುಖ ಸಿಂಡರಿಸಿದ. "ಮೂರೇ ಹಲ್ಲು? ಎಲ್ಡು ಹಲ್ಲಿಂದು ಕಂಡೀನಿ, ನಾಕು ಹಲ್ಲಿಂದು ಕಂಡೀನಿ. ಮೂರು ಹಲ್ಲಿಂದು ಎಲ್ಲಾನ ಐತೇನ್ರಿ? ಒಂದು ಉದುರೈತೆ!"

"ಯಜಮಾನ್ರೇ, ಕಂಪ್ನಿಯೋರು ಕೊಟ್ಟಿದ್ದೇ ಮೂರು" ಎಂದು ಮಾಲೀಕ ಕೈಮುಗಿದ. ಮಾವ ಆ ಮುಗಿದ ಕೈಯನ್ನೇ ಹಿಡಿದು, ಮೇಲೆ ಟವಲು ಹಾಕಿ, ಕುರಿ ಸಂತೆಯ ಹಾಗೆ ಒಳಗೇ ಬೆರಳು ಹಿಡಿದು ಬೆಲೆ ಹೇಳುತ್ತಾ ವ್ಯಾಪಾರ ಶುರು ಮಾಡಿದ. ಮಾಲೀಕನಿಗೆ ಬೆರಳು ಭಾಷೆ ಬಾರದು. ನಾಡಿ ನೋಡುತ್ತಿದ್ದಾನೆಂದು ತಿಳಿದು, "ನಂಗೆ ಸ್ವಲ್ಪ ಶುಗರ್ ಐತ್ರಿ" ಅಂದ! ಉದುರಿದ ಹಲ್ಲಿನ ಲೆಕ್ಕದಲ್ಲಿ ಮಾವ ಬೆಲೆ ಇಳಿಸಿದ್ದಂತೂ ನಿಜ. ಎಂಜಿನ್ ಶುರುವಾಗಿ ಕಪ್ಪು ಹೊಗೆ ಉಗುಳಿದಾಗ, "ಕೆಮ್ಮು ಐತೆ. ಮೇವು ತಿನ್ನೋದು ನೋಡಿದ್ರೆ ಬದುಕ್ಕಂತೈತೆ" ಎಂದು ತೀರ್ಪು ಕೊಟ್ಟು, ಮಂದೆ ಮಾರಿದ ದುಡ್ಡು ಎಣಿಸಿದ.

ಊರಿಗೆ ಸಾಗಿಸುವುದು ಹೇಗೆ? ಟ್ರೈಲರ್ ಲಾರಿ ಮಾಡೋಣ ಎಂದೆ. ಮಾವ ನನ್ನನ್ನು ಕಟುಕನನ್ನು ನೋಡುವ ಹಾಗೆ ನೋಡಿದ. "ಲಾರಿ ಹತ್ತಿದ ಕುರಿ ವಾಪಸ್ ಬಂದಿದ್ದು ಕಂಡೀಯೇನ್ಲೇ? ಹೊಲದ ಮೇಲೆ ನಡೆಸ್ಕಂಡೇ ಹೋಗ್ತೀನಿ."

"ಅಷ್ಟು ದೂರ ನಡೆಸಿದ್ರೆ ಚೈನು ಸವೆದು ಹೋಗ್ತೈತ್ರಿ" ಎಂದ ಮಾಲೀಕ.

"ನನ್ನ ಮೊಣಕಾಲು ಸವೆದಿಲ್ವೇನ್ರಿ?"

ಸೈಕಲ್ಲೂ ತುಳಿಯದ ಮನುಷ್ಯ ಅಲ್ಲಿಯ ಆಪರೇಟರನ ಹತ್ತಿರ ಸನ್ನೆಕೋಲು ಹಿಡಿದು ಓಡಿಸುವುದನ್ನು ಕಲಿತು, ಬೀಡಿ ಹಚ್ಚಿ, ಹೊರಟೇಬಿಟ್ಟ.

ಅತ್ತೆಗೆ ಸುದ್ದಿ ಮುಟ್ಟಿಸುವ ಪುಣ್ಯ ನನ್ನ ಪಾಲಿಗೆ ಬಂತು. "ತಕ್ಕಡಿ ತಾ ಅಂದ್ರೆ ಬುಲ್ಡೋಜರ್ ಕೊಡ್ಸಿದೆಯಾ? ನೀನು ಓದಿದ್ದು ಯಾತಕ್ಕಪ್ಪ?" ಅಂದಳು. ಆ ಕಬ್ಬಿಣ ಊರೊಳಗೆ ಬಂದ ದಿನ ತಾನು ತವರಿಗೆ ಹೋಗುವುದಾಗಿ ಸಾರಿದಳು.

ಮಾವನಿಗೆ ಇದೆಲ್ಲ ಎಲ್ಲಿ ಕೇಳಬೇಕು? ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಫೋನೇ ಕೇಳುತ್ತಿರಲಿಲ್ಲ. ಹಿಂದೆ ಮಂದೆ ನಿಲ್ಲಿಸುತ್ತಿದ್ದ ಹೊಲಗಳಲ್ಲೇ ಈಗ ಡೋಜರು ನಿಲ್ಲಿಸಿದ. ಯಾರದೋ ದಿಬ್ಬ ಸಮ ಮಾಡಿದ, ಇನ್ಯಾರದೋ ಹೊಲದ ಬಳ್ಳಾರಿ ಜಾಲಿ ಕಿತ್ತುಹಾಕಿದ. ಪ್ರತಿಯಾಗಿ ಡೋಜರಿಗೆ ಡೀಸೆಲ್ಲು, ಇವನಿಗೆ ಮುದ್ದೆ ಮಜ್ಜಿಗೆ. "ಏನಪ್ಪ, ಕುರಿ ಎಲ್ಲಿ?" ಎಂದು ಹಳೇ ಪರಿಚಯದವರು ಕೇಳಿದರೆ ಡೋಜರು ತೋರಿಸುತ್ತಿದ್ದ. "ಗೊಬ್ಬರ ಹಾಕ್ತೈತಾ?" ಎಂದು ಅವರು ನಕ್ಕರೆ ಇವನೂ ನಗುತ್ತಿದ್ದನಂತೆ. ಒಂದು ಕಡೆ ತಿರುಗಿಸುವಾಗ ಒಬ್ಬರ ಬದುವೇ ಮಾಯವಾಯಿತು. ಮಾವ ಕೆಳಗಿಳಿದು, ಪೈರಿಗೆ ಬಾಯಿ ಹಾಕಿದ ಕುರಿಯ ಪರವಾಗಿ ತಪ್ಪೊಪ್ಪುವ ಹಾಗೆ ಕೈಮುಗಿದು, "ತಿಂದ್‌ಬಿಡ್ತು ಗೌಡ್ರೇ, ಹೊಸದು, ಇನ್ನೂ ಮಾತು ಕೇಳಲ್ಲ" ಅಂದನಂತೆ!

ಕೊನೆಗೆ ಐಮಂಗಲದಲ್ಲಿ ಹೆದ್ದಾರಿ ಅಡ್ಡ ಬಂತು. ಚೈನು ತಾಗಿದರೆ ಟಾರು ಕಿತ್ತುಬರುತ್ತದೆ. ಸೇತುವೆಯ ಕೆಳಗಿನ ದಾರಿಗೆ ಹಳೇ ಟಯರು ಹಾಸಿಯೇ ದಾಟಿಸಬೇಕು. ಪಂಕ್ಚರ್ ಅಂಗಡಿಗಳಿಂದ ಟಯರು ಕೂಡುವ ತನಕ ಮಾವ ಅಲ್ಲೇ ಬೀಡುಬಿಟ್ಟ. ಸುದ್ದಿ ಸಿಕ್ಕಿದ್ದೇ ಅತ್ತೆ ಹೊರಟಳು. ಅವಳೊಬ್ಬಳನ್ನೇ ಬಿಡಬಾರದೆಂದು ಹಿರಿಯೂರಿನವರೆಗೂ ಹೋಗಿ ನಾನೂ ಕೂಡಿಕೊಂಡೆ. "ಅದನ್ನ ಅಲ್ಲೇ ಗುಜರಿಗೆ ಹಾಕಿ ಮನುಷ್ಯನ್ನ ಕರ್ಕಂಡು ಬರಾಣ" ಎಂದಳು. ಬಸ್ಸಿನುದ್ದಕ್ಕೂ ಬೈಗುಳ ಹೊಂದಿಸಿಕೊಂಡಳು. ಮರೆತ ಕಡೆ ನಾನೂ ಒಂದೆರಡು ಒದಗಿಸಿದೆ.

ಸಂಜೆ ಬಿಸಿಲಿನಲ್ಲಿ ಡೋಜರಿನ ನೆರಳು ಹೊಲದ ತುಂಬಾ ಬಿದ್ದಿತ್ತು. ಆ ನೆರಳಿನಲ್ಲಿ ಮಾವ ಕಂಬಳಿ ಹಾಸಿ, ಮೂರು ಕಲ್ಲಿನ ಒಲೆ ಹೂಡಿ, ಪಕ್ಕದ ಹೊಲದವನ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದ. ಮೈ ಕಪ್ಪಾಗಿತ್ತು, ಕೆನ್ನೆ ತುಂಬಿತ್ತು. ನಮ್ಮನ್ನು ಕಂಡವನು ಎದ್ದು ನಿಲ್ಲಲು ಹೋಗಿ, ಆಗದೆ, ಅಲ್ಲೇ ಕೂತು, "ಬಂದ್ಯಾ? ಮುದ್ದೆಗೆ ಎಸರಿಟ್ಟೀನಿ" ಅಂದ.

ಅತ್ತೆ ಬಾಯಿ ತೆರೆದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ಒಲೆ ನೋಡಿ, "ಗಾಳಿ ಅತ್ಲಾಗಿಂದ ಬರ್ತೈತೆ, ಕಲ್ಲು ಇತ್ಲಾಗಿಟ್ಟೀಯ. ಲಗ್ನ ಆದಾಗ್ಲೂ ಇದೇ ಕತೆ, ಈಗ್ಲೂ ಇದೇ ಕತೆ" ಎಂದಳು. ಸೆರಗು ಸಿಕ್ಕಿಸಿ, ಕಲ್ಲು ಸರಿಸಿ, ಹಿಟ್ಟಿನ ಚೀಲ ಎಳೆದುಕೊಂಡು ಕೂತಳು. ಹೊಸದಾಗಿ ಮದುವೆಯಾದಾಗ ಅವಳೂ ಮಂದೆಯ ಹಿಂದೆ ಇದೇ ಹಾದಿಯಲ್ಲಿ ನಡೆದವಳಂತೆ. ನನಗೆ ಅದು ಅಲ್ಲಿಯವರೆಗೂ ಗೊತ್ತಿರಲಿಲ್ಲ.

ನಾನು ಕಾದೆ. ಕತ್ತಲಾಗುವ ಮುಂಚೆ, "ಅತ್ತೆ, ಬಸ್ಸಿನ ಹೊತ್ತಾತು, ಹೋಗಾಣ" ಎಂದೆ. ಅವಳು ಮುದ್ದೆ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ.

"ನೀನು ಹೋಗಪ್ಪ" ಎಂದಳು. "ನಾವು ನಿಧಾನಕ್ಕೆ ನಡ್ಕಂಡು ಬರ್ತೀವಿ."