ಮಾವನ ಗಡ್ಡಕ್ಕೆ ಮಸೆದ ಕತ್ತಿ

ಕತ್ತಿ ಮಸೆಯುವುದು ಒಂದು ಮಹಾವಿದ್ಯೆ ಎಂದು ನಾನು ಯಾವತ್ತೂ ಭಾವಿಸಿರಲಿಲ್ಲ. ಕಲ್ಲಿದೆ, ಕತ್ತಿಯಿದೆ, ಎರಡು ಕೈಗಳಿವೆ, ಇನ್ನೇನು ಬೇಕು? ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ನಾನು, ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಕ್ಷೌರದ ಕತ್ತಿಯನ್ನೂ ಸಾಣೆಕಲ್ಲನ್ನೂ ಮುಂದಿಟ್ಟುಕೊಂಡು ಜಗಲಿಯ ಮೇಲೆ ವಿರಾಜಮಾನನಾದೆ.

ಕತ್ತಿಯ ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗಿರಬೇಕು, ಅಲಗು ಮುಂದಾಗಿ ಹಗುರವಾಗಿ ಎಳೆಯಬೇಕು ಎಂಬುದು ಶಾಸ್ತ್ರ. ಬೇಗ ಹರಿತವಾಗಲಿ ಎಂದು ನಾನು ಬೆನ್ನನ್ನು ಎತ್ತಿ, ಮೈಭಾರವನ್ನೆಲ್ಲ ಬಿಟ್ಟು ಉಜ್ಜಿದೆ. ಪರೀಕ್ಷೆಗೆಂದು ಮುಂಗೈಯ ಮೇಲೆ ಎಳೆದೆ. ಕೂದಲು ಹೋಯಿತು. ಜೊತೆಗೆ ಒಂದಿಷ್ಟು ಚರ್ಮವೂ ಹೋಯಿತು. ಇದನ್ನೇ ಹರಿತ ಎಂದು ತಿಳಿದೆ. ಆಮೇಲೆ ನಯ ಬರಲೆಂದು ಚರ್ಮದ ಬೆಲ್ಟಿನ ಮೇಲೆ ತೀಡಿದೆ. ಅಲ್ಲಿ ಬೆನ್ನು ಮುಂದಾಗಬೇಕಂತೆ. ನಾನು ಅಲಗನ್ನೇ ಮುಂದೆ ಬಿಟ್ಟೆ. ಎಳೆದ ರಭಸಕ್ಕೆ ನನಗಿದ್ದ ಒಂದೇ ಒಂದು ಬೆಲ್ಟು ಎರಡಾಯಿತು.

"ಎಷ್ಟು ಹರಿತ ನೋಡಿದ್ಯಾ?" ಎಂದೆ ಹೆಂಡತಿಗೆ.

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಮರುದಿನ ರಾಜಘಟ್ಟದಿಂದ ಬಂದ ತನ್ನ ತಂದೆಗೆ ನನ್ನ ಬೋಳು ಮುಂಗೈ ತೋರಿಸಿ ಹೊಗಳಿದಳು. ಮಾವ ಗಾಡಿಯಿಂದ ಬಿದ್ದು ಬಲಗೈಗೆ ಕಟ್ಟು ಹಾಕಿಸಿಕೊಂಡಿದ್ದರು. ಗಡ್ಡ ಬೆಳೆದಿತ್ತು.

"ಮನೇಲೇ ಅಳಿಯಂದ್ರು ಇರುವಾಗ ಅಂಗಡಿಗ್ಯಾಕೆ ಹೋಗ್ಲಿ? ನೀವೇ ಮಾಡ್ಬಿಡಿ," ಎಂದು ಕುರ್ಚಿಯಲ್ಲಿ ಕೂತು ಕತ್ತು ಚಾಚಿದರು.

ಆಗ ನನಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ನಾನು ಕತ್ತಿ ಮಸೆದಿದ್ದೆನೇ ಹೊರತು ಅದರಿಂದ ಯಾರ ಗಡ್ಡವನ್ನೂ ಬೋಳಿಸಿರಲಿಲ್ಲ. ನನ್ನ ಗಡ್ಡಕ್ಕೆ ಬ್ಲೇಡೇ ಗತಿಯಾಗಿತ್ತು. ನಿಜ ಹೇಳೋಣವೆಂದರೆ ಹೆಂಡತಿ ಬಿಸಿನೀರು ಹಿಡಿದು ಹೆಮ್ಮೆಯಿಂದ ನಿಂತಿದ್ದಳು. ನೊರೆ ಹಚ್ಚಿ, ಕೆನ್ನೆಯ ಮೇಲೆ ಕತ್ತಿ ಇಟ್ಟೆ. ಬೆಲ್ಟು ಕತ್ತರಿಸಿದ ಕತ್ತಿ ಗಡ್ಡ ಕತ್ತರಿಸಲಿಲ್ಲ, ಕಿತ್ತಿತು. ಮಾವನ ಕಣ್ಣಲ್ಲಿ ನೀರು ಬಂತು.

"ನೋವಾಗ್ತಿದ್ಯಾ ಮಾವ?"

"ಇಲ್ಲ ಇಲ್ಲ. ಸೋಪು ಕಣ್ಣಿಗೆ ಹೋಯ್ತು."

ಸೋಪು ಕೆನ್ನೆಯಲ್ಲೇ ಇತ್ತು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕತ್ತಿ ಗಂಟಲಿಗೆ ಇಳಿಯಿತು. ಅಲ್ಲಿ ಮಾವನ ಗಂಟಲಮಣಿ ಮೇಲೆ ಕೆಳಗೆ ಓಡಾಡುತ್ತಿತ್ತು. ಅದು ನಿಲ್ಲಲಿ ಎಂದು ಕತ್ತಿ ಹಿಡಿದು ಕಾದೆ. ಇವಳ ತಂದೆಯನ್ನು ಇವಳ ಎದುರಿಗೇ ಕೊಂದುಬಿಡುತ್ತೇನೆ ಎಂದು ನಿಜವಾಗಿಯೂ ಅನ್ನಿಸಿತು. ನೊರೆಯಲ್ಲಿ ಒಂದು ಹನಿ ರಕ್ತ ಕಾಣಿಸಿತು. ನಾನು ಕತ್ತಿ ಕೆಳಗಿಟ್ಟು ನೆಲದ ಮೇಲೆ ಕುಸಿದು ಕೂತೆ.

ಮಾವ ಅರ್ಧ ನೊರೆಯಲ್ಲೇ ಎದ್ದರು. "ಸಾಕು ಬಿಡಿ ಅಳಿಯಂದ್ರೇ. ಇನ್ನು ಈ ಮುಖಕ್ಕೆ ಕತ್ತಿ ತಾಗಿಸೋ ಹಾಗಿಲ್ಲ. ತಿರುಪತಿಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ಕೊಂಡ್ಬಿಟ್ಟೆ."

"ಯಾವಾಗ ಮಾವ?"

"ಈಗ್ಲೇ. ಕತ್ತಿ ಗಂಟಲಿಗೆ ಬಂದಾಗ. ಜೀವ ಉಳಿದ್ರೆ ಸಾಕು ಅಂತ."

"ನಾನೂ ಅಲ್ಲೇ ಹೊತ್ಕೊಂಡೆ ಮಾವ," ಎಂದೆ.

ಹರಕೆ ಹೊತ್ತ ಮೇಲೆ ಉಳಿದರ್ಧ ಗಡ್ಡವನ್ನು ಅಂಗಡಿಯಲ್ಲಿ ತೆಗೆಸುವಂತಿಲ್ಲ. ಮಾವ ಮುಖಕ್ಕೆ ಟವೆಲ್ ಸುತ್ತಿಕೊಂಡು, ನಾನು ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮರುದಿನವೇ ತಿರುಪತಿ ಬಸ್ಸು ಹತ್ತಿದೆವು.

ವಾಪಸು ಬಂದಾಗ ಬಾಗಿಲು ತೆಗೆದ ಹೆಂಡತಿ ಎರಡು ಬೋಳು ತಲೆಗಳನ್ನು ಒಂದೊಂದಾಗಿ ನೋಡಿದಳು.

"ಪರ್ವಾಗಿಲ್ಲ ಕಣ್ರೀ," ಎಂದಳು. "ನೀವು ಮಸೆದ ಕತ್ತಿಯಿಂದ ಕೊನೆಗೂ ಎರಡು ತಲೆ ಬೋಳಾಯ್ತು."