ಹೊತ್ತುಕೊಂಡು ಹೋಗಲೋ, ಎಳೆದುಕೊಂಡು ಹೋಗಲೋ

ಕೆಟ್ಟು ನಿಂತ ಕಾರಿನ ಪಕ್ಕ ಮನುಷ್ಯ ಹೇಗೆ ಆಡುತ್ತಾನೆ ಎನ್ನುವುದನ್ನು ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಇನ್ನೂ ಬೇಜಾರು ಬಂದಿಲ್ಲ. ಟೆಕ್ಸಸ್‌ನಲ್ಲಿ ನಾನು ಕೆಟ್ಟ ಕಾರುಗಳನ್ನು ಸಾಗಿಸುವ ಟೋ ಟ್ರಕ್ ಓಡಿಸುತ್ತೇನೆ. ಕನ್ನಡದವರ ಸಮಾರಂಭದಲ್ಲಿ ಯಾರಾದರೂ ಯಾವ ಕಂಪನಿ ಎಂದು ಕೇಳಿದಾಗ ಇದನ್ನು ಹೇಳಿದರೆ ಮಾತು ಹವಾಮಾನದ ಕಡೆ ತಿರುಗುತ್ತದೆ. ಆಮೇಲೆ ಮೆಲ್ಲಗೆ ನನ್ನ ನಂಬರ್ ತೆಗೆದುಕೊಳ್ಳುತ್ತಾರೆ.

ನನ್ನ ಹತ್ತಿರ ಎರಡು ಗಾಡಿ ಇವೆ. ಒಂದು, ಕಾರಿನ ಮುಂದಿನ ಚಕ್ರಗಳನ್ನು ಎತ್ತಿ ಹಿಡಿದು, ಹಿಂದಿನವನ್ನು ರಸ್ತೆಯಲ್ಲೇ ಉರುಳಿಸಿಕೊಂಡು ಎಳೆಯುತ್ತದೆ. ಇನ್ನೊಂದು ಫ್ಲಾಟ್‌ಬೆಡ್. ಬೆನ್ನು ಬಾಗಿಸಿ ಇಡೀ ಕಾರನ್ನು ಹತ್ತಿಸಿಕೊಂಡು, ಮಟ್ಟ ಮಾಡಿ ಹೊತ್ತೊಯ್ಯುತ್ತದೆ. ಯಾವುದು ತರಲಿ ಎಂದು ನಾನು ಕೇಳಬೇಕು. ಗೋಳು ಶುರುವಾಗುವುದೇ ಅಲ್ಲಿಂದ.

೧. ಬೆಡ್‌ಶೀಟ್

ಆಗ ಹ್ಯೂಸ್ಟನ್‌ನಲ್ಲಿದ್ದೆ. ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನಲ್ಲಿ ಕೆಲಸ ಮಾಡುತ್ತಿದ್ದ ಮೈಸೂರಿನ ಹಿರಿಯ ಎಂಜಿನಿಯರ್ ಒಬ್ಬರು ಫೋನ್ ಮಾಡಿ ಫ್ಲಾಟ್‌ಬೆಡ್ಡೇ ಬೇಕು ಅಂದರು. ನಿಮ್ಮ ಕಾರನ್ನು ಎಳೆದರೂ ಏನೂ ಆಗುವುದಿಲ್ಲ ಎಂದರೆ ಒಪ್ಪಲಿಲ್ಲ.

ಹೋಗಿ ನೋಡಿದರೆ ಇಪ್ಪತ್ತೆರಡು ವರ್ಷದ ಕಾರು. ತೊಳೆದು ಫಳಫಳ ಮಾಡಿಟ್ಟಿದ್ದರು. ಹತ್ತಿಸಿ ಚಕ್ರಗಳಿಗೆ ಬೆಲ್ಟ್ ಬಿಗಿದೆ. ಅವರು ಧೂಳು ಕೂರಬಾರದೆಂದು ಮನೆಯಿಂದ ಬಿಳಿ ಬೆಡ್‌ಶೀಟ್ ತಂದು ಪೂರ್ತಿ ಹೊದಿಸಿದರು. ಗುಂಡಿ ತಪ್ಪಿಸಿ ಓಡಿಸಿ ಎಂದು ಮೂರು ಸಲ ಹೇಳಿದರು. ಕೊನೆಗೆ, ಯಾವ ಗ್ಯಾರೇಜಿಗೆ ಎಂದು ಕೇಳಿದೆ.

"ಗುಜರಿಗೆ" ಅಂದರು.

ನಾನು ಅವರ ಮುಖವನ್ನೇ ನೋಡಿದೆ. "ಇಷ್ಟು ವರ್ಷ ನನ್ನನ್ನ ಹೊತ್ತಿದೆ ಕಣ್ರೀ. ಕೊನೇಲಿ ಅದನ್ನ ಎಳೆಸೋದಾ?" ಅಂದರು. ನಾನು ಬೆಡ್‌ಶೀಟಿನ ಅಂಚುಗಳನ್ನು ಇನ್ನೊಮ್ಮೆ ಸರಿಯಾಗಿ ಸಿಕ್ಕಿಸಿದೆ.

ಗುಜರಿಯವನು ಮಾತ್ರ ಬಿಳಿ ಬೆಡ್‌ಶೀಟ್ ನೋಡಿ ಟೋಪಿ ತೆಗೆದ. ಕಾರಿನೊಳಗೆ ಯಾರಾದರೂ ಇದ್ದಾರಾ ಎಂದು ಮೆಲ್ಲಗೆ ವಿಚಾರಿಸಿದ.

೨. ಕಟ್ಟಿನ ಸಾರು

ಆಮೇಲೆ ಆಸ್ಟಿನ್‌ಗೆ ಬಂದೆ. ಒಂದು ಬೆಳಿಗ್ಗೆ ಪಕ್ಕದ ಫ್ಲೂಗರ್‌ವಿಲ್‌ನಿಂದ ಧಾರವಾಡದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ತಮ್ಮನ ಮಗುವಿನ ನಾಮಕರಣಕ್ಕೆ ಗಂಡನ ಜೊತೆ ಹೊರಟಿದ್ದಾಳೆ, ಕಾರು ಒಂದು ಪೆಟ್ರೋಲ್ ಬಂಕಿನ ಹತ್ತಿರ ಕೆಟ್ಟು ನಿಂತಿದೆ. ಡಿಕ್ಕಿಯಲ್ಲಿ ಐವತ್ತು ಜನಕ್ಕಾಗುವಷ್ಟು ಕಟ್ಟಿನ ಸಾರು. ಹೋಳಿಗೆ ಆಗಲೇ ಅಲ್ಲಿ ತಲುಪಿದೆ.

ಅವಳ ಪ್ರಶ್ನೆ ಒಂದೇ: ಯಾವ ಗಾಡಿಯಲ್ಲಿ ಸಾರು ಚೆಲ್ಲುವುದಿಲ್ಲ? ಒಂದರಲ್ಲಿ ದಾರಿಯುದ್ದಕ್ಕೂ ಕಾರಿನ ಮೂತಿ ಮೇಲಿರುತ್ತದೆ, ಇನ್ನೊಂದು ಮಟ್ಟಸ, ಆದರೆ ಹತ್ತಿಸುವಾಗ ವಾಲುತ್ತದೆ ಎಂದೆ. "ಹಂಗಾದ್ರ ಎರಡೂ ಬ್ಯಾಡ್ರಿ" ಅಂದಳು.

ಫ್ಲಾಟ್‌ಬೆಡ್ ತೆಗೆದುಕೊಂಡು ಹೋದೆ. ಪಾತ್ರೆಯನ್ನು ನನ್ನ ಪಕ್ಕದ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಹಾಕಿಸಿದಳು. ಅದರಾಚೆ ತಾನು ಕೂತು ಮುಚ್ಚಳ ಹಿಡಿದುಕೊಂಡಳು. ಅಲ್ಲಿಗೆ ಸೀಟು ಮುಗಿಯಿತು. ಗಂಡ ರೇಷ್ಮೆ ಪಂಚೆಯಲ್ಲಿ ಪೆಟ್ರೋಲ್ ಬಂಕಿನ ಮುಂದೆ ನಿಂತು, ತಾನೆಲ್ಲಿ ಕೂರಬೇಕು ಎಂದು ಕೇಳಿದ.

ಅವಳು ಸ್ವಲ್ಪ ಯೋಚನೆ ಮಾಡಿಯೇ ಹೇಳಿದಳು: "ನಿಮಗ ಯಾರರೇ ಲಿಫ್ಟ್ ಕೊಡ್ತಾರ್ರೀ. ಸಾರಿಗೆ ಯಾರ ಕೊಡ್ತಾರ?"

೩. ರಾಹುಕಾಲ

ಇದು ಡಲ್ಲಾಸ್ ಕಡೆಗೆ ಬಂದ ಮೇಲಿನದು. ಫ್ರಿಸ್ಕೋದ ಚಿಕ್ಕ ವಯಸ್ಸಿನ ದಂಪತಿ ಹೊಸ ಎಲೆಕ್ಟ್ರಿಕ್ ಕಾರು ಕೊಂಡು ಭಾನುವಾರ ಮಧ್ಯಾಹ್ನ ಪೂಜೆಗೆ ಹೊರಟಿದ್ದರು. ದೇವಸ್ಥಾನ ಎರಡು ಮೈಲಿ ಇರುವಾಗ ಟೈರ್ ಹರಿಯಿತು. ಸ್ಟೆಪ್ನಿ ಇಲ್ಲ. ನಾಲ್ಕೂವರೆಗೆ ರಾಹುಕಾಲ. ಯಾವ ಗಾಡಿ ಬೇಗ ಬರುತ್ತದೋ ಅದನ್ನೇ ತನ್ನಿ ಎಂದು ಆತ ಗೋಗರೆದ. ಈ ಕಾರಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಮೋಟರ್ ಹಾಳಾಗುತ್ತದೆ ಎಂದು ಒಪ್ಪಿಸಿ, ಫ್ಲಾಟ್‌ಬೆಡ್ ತೆಗೆದುಕೊಂಡು ಹೋದೆ.

ದೇವಸ್ಥಾನ ತಲುಪಿದಾಗ ನಾಲ್ಕೂಕಾಲು. ಉಡುಪಿ ಕಡೆಯ ಭಟ್ಟರು ಕಾಯುತ್ತಿದ್ದರು. ಇಳಿಸಲು ಹೊತ್ತಿಲ್ಲ, ಹಾಗೇ ಇರಲಿ ಅಂದರು. ಆದರೆ ಕಾರು ಅಷ್ಟೆತ್ತರದಲ್ಲಿದೆ, ಭಟ್ಟರು ಗಿಡ್ಡ. ಕುಂಕುಮ ಹಚ್ಚಲು ಕೈಗೆ ಸಿಕ್ಕಿದ್ದು ನನ್ನ ಟ್ರಕ್ಕಿನ ಮೂತಿ. ಹಾರ ಅದಕ್ಕೇ ಬಿತ್ತು. ಆರತಿಯೂ ಅದಕ್ಕೇ ಆಯಿತು. ಕಾಯಿ ಅದರ ಮುಂದೆಯೇ ಒಡೆದರು. ನಿಂಬೆಹಣ್ಣನ್ನು ಮುಂದಕ್ಕೆ ಹೋಗುವ ಚಕ್ರದ ಕೆಳಗೆ ಇಡಬೇಕು ಎಂದು ನನ್ನ ಟ್ರಕ್ಕಿನ ಚಕ್ರಗಳ ಕೆಳಗಿಟ್ಟರು. ಓಡಿಸುವವರು ಯಾರು ಎಂದು ಕೇಳಿದರು. ನಾನು ಎಂದೆ. ನನ್ನ ಗೋತ್ರ, ನಕ್ಷತ್ರ ಕೇಳಿ ಸಂಕಲ್ಪ ಮಾಡಿದರು. ಗಂಡ ಹೆಂಡತಿ ಕೈ ಮುಗಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ನಾಲ್ಕೂ ಇಪ್ಪತ್ತೆಂಟಕ್ಕೆ ನಾನು ನಿಂಬೆಹಣ್ಣು ಜಜ್ಜಿಕೊಂಡು ಹೊರಟೆ.

ಆ ಟ್ರಕ್ ಇವತ್ತಿನವರೆಗೆ ಒಂದು ದಿನವೂ ಕೆಟ್ಟಿಲ್ಲ. ಅವರ ಕಾರನ್ನು ಆಮೇಲೆ ಎರಡು ಸಲ ಹೊತ್ತಿದ್ದೇನೆ. ಎರಡನೇ ಸಲ ಹೋದಾಗ ಆ ಹುಡುಗಿ ರಸ್ತೆ ಬದಿಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದಳು. ನಾನು ಸರಪಳಿ ಬಿಚ್ಚುವಷ್ಟರಲ್ಲಿ ಅಡ್ಡ ಬಂದಳು.

"ಒಂದ್ನಿಮಿಷ ಅಂಕಲ್, ಈ ಸಲ ಮೇಲೆ ಹತ್ತಿಸೋಕೆ ಮುಂಚೆನೇ ಪೂಜೆ ಮಾಡಿಬಿಡ್ತೀವಿ. ನೀವು ಸ್ವಲ್ಪ ಟ್ರಕ್ಕನ್ನ ದೂರ ನಿಲ್ಲಿಸ್ತೀರಾ?"