ಮೊದಲ ಪಾಳಿಯ ವೀಳ್ಯ

ಕೆಲವರಿಗೆ ನಿನ್ನೆ ಆದದ್ದನ್ನು ಇವತ್ತು ನಾಲ್ಕು ಜನರ ಮುಂದೆ ಹೇಳದಿದ್ದರೆ ಉಂಡ ಅನ್ನ ಕರಗುವುದಿಲ್ಲ. ನನ್ನ ರೋಗ ಅದಕ್ಕಿಂತ ಒಂದು ಕೈ ಮೇಲು. ನಾಳೆ ಆಗುವುದನ್ನು ಇವತ್ತೇ ಹೇಳಿ ಮುಗಿಸದಿದ್ದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕಾಲು ತಾನೇ ತಾನಾಗಿ ಅಲ್ಲಾಡತೊಡಗುತ್ತದೆ. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ನನ್ನ ಹೆಂಡತಿ ನೀಲಮ್ಮ ಸವಟು ಹಿಡಿದುಕೊಂಡೇ ಅಡಿಗೆಮನೆಯಿಂದ ಬರುವಳು. ಕಾಲು ನಿಲ್ಲಿಸಿದರೆ ಬಾಯಿ ಆಡಲೇಬೇಕು. ಹೀಗಾಗಿ ಎಲೆ ಅಡಿಕೆಯ ಚಂಚಿ ನನ್ನ ಸೊಂಟ ಬಿಟ್ಟು ಇಳಿದದ್ದೇ ಇಲ್ಲ. ಎಲೆ ಮಡಚುವುದು, ಬಾಯಿಗೆ ಹಾಕುವುದು, ಭವಿಷ್ಯ ಹೇಳುವುದು, ಇವು ಮೂರೂ ಕೂಡಿ ನನಗೆ ಒಂದೇ ಕೆಲಸ.

ನಿಜಾಮರ ಆಳ್ವಿಕೆಯ ಕೊನೆಗಾಲ ಅದು. ನಾನು ಯಾದಗಿರಿಯ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಉರ್ದುವಿನಲ್ಲಿ ಬರೆಯುವುದು, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವುದು. ನಡುವೆ ಸ್ಟೇಶನ್ ಹತ್ತಿರ ಹುಸೇನಸಾಬನ ಚಹಾದ ಹೋಟೆಲಿನಲ್ಲಿ ಬೆಂಚಿನ ಮೇಲೆ ಕೂತು ಭವಿಷ್ಯ ನುಡಿಯುವುದು. ಹೊಸ ತಹಶೀಲ್ದಾರರು ಬರುವವರಿದ್ದಾಗ, ಬರುವವರು ದಪ್ಪಗಿರುತ್ತಾರೆ, ನೋಡುತ್ತಿರಿ ಎಂದು ಹೇಳಿದ್ದೆ. ಬಂದವರು ಬೆತ್ತದ ಹಾಗಿದ್ದರು. ಎಲ್ಲರೂ ನನ್ನ ಮುಖ ನೋಡಿದರು. "ತಡೀರಿ, ನಮ್ಮೂರ ಜ್ವಾಳದ ರೊಟ್ಟಿ ತಿಂದು ಇನ್ನ ದಪ್ಪ ಆಗೋರಿದ್ದಾರ" ಎಂದೆ. ಅವರು ವರ್ಗವಾಗಿ ಹೋಗುವವರೆಗೂ ಬೆತ್ತದ ಹಾಗೆಯೇ ಇದ್ದರು, ಆದರೆ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತಿಗೆ ಊರಲ್ಲಿ ಬೆಲೆಯಿತ್ತು. ಅದು ಫುಟ್‌ಬಾಲು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರಿನ ತಂಡಗಳಿಗೆ ಒಂದು ಲೀಗ್ ಇತ್ತು. ವರ್ಷಕ್ಕೊಮ್ಮೆ ಒಂದು ಶುಕ್ರವಾರ, ಕಚೇರಿಗೆ ರಜೆ ಇದ್ದ ದಿನ, ಸುತ್ತಲಿನ ಹಳ್ಳಿಗಳ ಹೊಸ ಆಟಗಾರರನ್ನು ಒಂದು ಕಡೆ ಕೂಡಿಸಿ ಮೂರೂ ತಂಡದವರು ಪಾಳಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಿದ್ದರು. ಹೋದ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದ ತಂಡಕ್ಕೆ ಮೊದಲ ಹಕ್ಕು, ಗೆದ್ದವರಿಗೆ ಕೊನೆಯದು. ಮೊದಲ ಪಾಳಿಯಲ್ಲಿ ಆರಿಸಿದ ಆಟಗಾರನಿಗೆ ಆ ಊರಿನ ಹತ್ತಿ ಗಿರಣಿಯಲ್ಲಿ ಕಾಯಂ ನೌಕರಿ. ಎರಡನೇ ಪಾಳಿಯಿಂದಾಚೆಗೆ ಬಂದವರಿಗೆ ಒಂದು ಅಂಗಿ, ಆಟದ ದಿನ ಊಟ. ಹೀಗಾಗಿ ಮೊದಲ ಪಾಳಿಯಲ್ಲಿ ಯಾರು ಯಾರನ್ನು ಎತ್ತುತ್ತಾರೆ ಎಂಬುದು ಮಳೆ ಬರುತ್ತದೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ಮಾತಾಗಿತ್ತು. ಅದನ್ನು ಮೊದಲೇ ಹೇಳುವವನು ನಾನು. ಚಂಡನ್ನು ಜನ್ಮದಲ್ಲಿ ಒದ್ದವನಲ್ಲ, ಆದರೂ ಹೇಳಿದ್ದು ಹೆಚ್ಚುಕಡಿಮೆ ಆಗುತ್ತಿತ್ತು. ಹುಸೇನಸಾಬ ನನ್ನ ಚಹಾದಲ್ಲಿ ಕೆನೆ ಸ್ವಲ್ಪ ಜಾಸ್ತಿ ಬಿಡುತ್ತಿದ್ದದ್ದು ಅದಕ್ಕೇ.

ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ನೀಲಮ್ಮನ ತಮ್ಮ ಸಿದ್ರಾಮ. ಭೀಮಾ ದಂಡೆಯ ಮನೆತನ ಅವರದು, ಬಲೆ ಬೀಸುವವರು. ಚಂಡನ್ನು ಹಿಡಿಯುವುದರಲ್ಲಿ ಅವನ ಕೈಗೆ ಎರಡಿಲ್ಲ, ಗೋಲಿನಲ್ಲಿ ನಿಂತರೆ ನೊಣ ಸಹ ಕೇಳಿಕೊಂಡು ಒಳಗೆ ಹೋಗಬೇಕು. ಅವನಿಗೆ ಶಿರವಾಳದ ಒಂದು ಹೆಣ್ಣು ನೋಡಿದ್ದೆವು. ಹುಡುಗಿಗೂ ಮನಸ್ಸಿತ್ತು. ಹುಡುಗಿಯ ಅಪ್ಪ ಮಾತ್ರ, "ನೌಕರಿ ಇದ್ರ ಬರ್ರಿ, ಇಲ್ಲಂದ್ರ ಈ ದೀಪಾವಳಿಗಿ ನಾ ಬ್ಯಾರೆ ಕಡಿ ನೋಡ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಅಂದರೆ ಸಿದ್ರಾಮ ಮೊದಲ ಪಾಳಿಯಲ್ಲಿ ಬಂದರೆ ಹೆಣ್ಣು, ಎರಡನೆಯದರಲ್ಲಿ ಬಂದರೆ ಅಂಗಿ.

ನನ್ನ ಸಂಕಟ ಏನೆಂದರೆ, ನನಗೊಂದು ಸಿದ್ಧಾಂತವಿತ್ತು. ಗೋಲಿನಲ್ಲಿ ನಿಲ್ಲುವವನನ್ನು ಯಾವ ಬುದ್ಧಿವಂತನೂ ಮೊದಲ ಪಾಳಿಯಲ್ಲಿ ಎತ್ತುವುದಿಲ್ಲ. ಗೋಲು ಹೊಡೆಯುವವನಿಗೆ ಬೆಲೆ, ತಡೆಯುವವನಿಗೆ ಏನು ಬೆಲೆ? ಅಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಇದನ್ನು ಹುಸೇನಸಾಬನ ಬೆಂಚಿನ ಮೇಲೆ ಎಷ್ಟೋ ಸಲ ಸಾರಿ ಹೇಳಿದ್ದೆ. ಆ ವರ್ಷವೂ ಹೇಳಿದೆ: ಸುರಪುರದವರು ಸೈದಾಪುರದ ಎಡಗಾಲಿನವನನ್ನು ಎತ್ತುತ್ತಾರೆ, ಉಳಿದ ಎರಡು ತಂಡಗಳು ಕೊಡೇಕಲ್ಲಿನ ಅಣ್ಣತಮ್ಮಂದಿರನ್ನು ಹಂಚಿಕೊಳ್ಳುತ್ತವೆ. ಹೇಳಿ ಬಾಯಿ ಮುಚ್ಚುವುದರೊಳಗೆ ಮಾತು ನನಗಿಂತ ಮೊದಲು ಮನೆ ಮುಟ್ಟಿತ್ತು.

"ಏನ್ರಿ, ಊರ ಮಂದಿಗೆಲ್ಲ ಮೊದಲ ಪಾಳಿ ಹಂಚಿ ಬಂದ್ರಂತ. ನನ್ನ ತಮ್ಮ ನಿಮಗೇನ್ ಮಾಡ್ಯಾನ?" ಎಂದಳು ನೀಲಮ್ಮ.

"ನಾ ಏನ್ ಅವನ್ನ ಬ್ಯಾಡ ಅಂದೀನೇನು? ಆಗೋದನ್ನ ಹೇಳೀನಿ."

"ಆಗೋದನ್ನ ಹೇಳೋರು ಒಲೀ ಮ್ಯಾಲ ಹಾಲಿಟ್ಟದ್ದು ಉಕ್ತದಂತ ಯಾಕ ಹೇಳಲಿಲ್ಲ? ಮುಂದೇ ಕುಂತಿದ್ರಿ."

ಅವತ್ತಿನಿಂದ ನನ್ನ ತಾಟಿನಲ್ಲಿ ರೊಟ್ಟಿ ಬೀಳುವ ಸಪ್ಪಳವೇ ಬದಲಾಯಿತು. ಸಿದ್ರಾಮ ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂತು, "ಮಾವಾರ, ಸಣ್ಣಂಗ ಏನರ ಬದಲಾಗಬಹುದೇನ್ರಿ?" ಎಂದು ಕೇಳಿ ಹೋಗುತ್ತಿದ್ದ. ಬದಲಾಗುತ್ತದೆ ಎಂದರೆ ಹೋಟೆಲಿನಲ್ಲಿ ನನ್ನ ಮಾನ ಹೋಗುತ್ತದೆ, ಇಲ್ಲ ಎಂದರೆ ಮನೆಯಲ್ಲಿ ನೀರು ಸಿಗುವುದಿಲ್ಲ. ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವನಿಗೆ ಆ ಹೆಣ್ಣು ಸಿಗಲಿ ಎಂದು ಹನುಮಪ್ಪನಿಗೆ ಕಾಯಿ ಒಡೆಸಿದ್ದೆ. ಆದರೆ ನನ್ನ ಮಾತೂ ಸುಳ್ಳಾಗದಿರಲಿ ಎಂದು ಅದೇ ಕಾಯಿಯಲ್ಲಿ ಕೇಳಿಕೊಂಡಿದ್ದೆ. ದೇವರಿಗೂ ಗೊಂದಲವಾಗಿರಬೇಕು. ಆ ದಿನಗಳಲ್ಲಿ ನಾನು ಕಚೇರಿಯಲ್ಲಿ ಕುರ್ಚಿಯಿಂದ ಎದ್ದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದ್ದೇ ತಿರುಗಿದ್ದು. ಎಲೆಯ ಖರ್ಚು ಎಷ್ಟು ಏರಿತೆಂದರೆ, ಎಲೆ ಮಾರುವ ಮುದುಕಿ, ಮನೆಯಲ್ಲಿ ಮದುವೆಯೇನು ಎಂದು ಕೇಳಿದಳು.

ಶುಕ್ರವಾರ ಬಂತು. ಆ ವರ್ಷ ಕೂಡುವುದು ಶಹಾಪುರದಲ್ಲಿ, ಮಲ್ಲಣ್ಣ ಸಾಹುಕಾರರ ಗಿರಣಿಯ ಅಂಗಳದಲ್ಲಿ. ಬಂಡಿ ಕಟ್ಟಿಕೊಂಡು ಭೀಮಾ ದಾಟಿ ಹೋದೆವು. ದಾರಿಯುದ್ದಕ್ಕೂ ನೀಲಮ್ಮ ನನ್ನ ಕಡೆ ಬೆನ್ನು ಮಾಡಿಯೇ ಕೂತಿದ್ದಳು. ಮಲ್ಲಣ್ಣ ಸಾಹುಕಾರರು ಶಹಾಪುರ ತಂಡದ ಹಿರಿಯರು. ನಮ್ಮ ಯಾದಗಿರಿ ತಂಡಕ್ಕೆ ಒಬ್ಬ ವಕೀಲ ಸಾಹೇಬರಿದ್ದರು, ಎದುರಿಗೆ ಬಂದವರು ನಮಸ್ಕಾರ ಮಾಡಿದರೂ ಅದರ ಹಿಂದೆ ಏನಿದೆ ಎಂದು ಯೋಚಿಸುವ ಮನುಷ್ಯ.

ಆರಿಸುವ ರಿವಾಜು ಹೀಗೆ. ತಂಡದ ಹಿರಿಯರು ಹೆಸರು ಕೂಗಿ ತಾಟಿನಲ್ಲಿ ಒಂದು ವೀಳ್ಯ ಕಳಿಸುತ್ತಾರೆ. ಆ ಆಟಗಾರನ ಮನೆಯ ಹಿರಿಯರೊಬ್ಬರು ಅದನ್ನು ತಾಟಿನಿಂದ ಎತ್ತಿ ಅವನ ಕೈಗೆ ಕೊಡಬೇಕು, ಮನೆಯವರ ಒಪ್ಪಿಗೆ ಇದೆ ಎಂಬುದಕ್ಕೆ. ಅವನು ಎಲ್ಲರ ಮುಂದೆ ಅದನ್ನು ಬಾಯಿಗೆ ಹಾಕಿ ಅಗಿದರೆ ಮುಗಿಯಿತು, ವರ್ಷಪೂರ್ತಿ ಆ ಊರಿಗೇ ಆಡಬೇಕು. ಹಿಂದಿನ ವರ್ಷ ಒಬ್ಬ ಶಹಾಪುರದ ವೀಳ್ಯ ಅಗಿದು ಸುರಪುರಕ್ಕೆ ಆಡಲು ಹೋಗಿ ದೊಡ್ಡ ಜಗಳವಾಗಿತ್ತು. ಆಗ ಮಲ್ಲಣ್ಣ ಸಾಹುಕಾರರೇ ತೊಡೆ ತಟ್ಟಿ, ಬಾಯಿಗೆ ಹೋದ ವೀಳ್ಯ ಹಿಂದಕ್ಕೆ ಬರುವುದಿಲ್ಲ ಎಂದು ಅವನನ್ನು ಎಳೆದುಕೊಂಡು ಬಂದಿದ್ದರು.

ಮೊದಲ ಹಕ್ಕಿದ್ದ ಸುರಪುರದವರು ಸೈದಾಪುರದ ಎಡಗಾಲಿನವನ ಹೆಸರನ್ನೇ ಕೂಗಿದರು. ಜನ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಏನೂ ಆಗದವನ ಹಾಗೆ ಮುಗಿಲು ನೋಡಿದೆ. ಹುಸೇನಸಾಬ ಹೆಮ್ಮೆಯಿಂದ ಪಕ್ಕದವನ ಭುಜ ತಟ್ಟಿದ. ಆಮೇಲೆ ಮಲ್ಲಣ್ಣ ಸಾಹುಕಾರರು ಎದ್ದು ಗಂಟಲು ಸರಿಮಾಡಿಕೊಂಡರು.

"ಹೋದ ವರ್ಷ ನಮ್ಮ ಗೋಲಿನಾಗ ಎತ್ತಿನ ಬಂಡಿ ಹೋಗೋವಷ್ಟು ದಾರಿ ಇತ್ತು. ಈ ವರ್ಷ ಅದನ್ನ ಮುಚ್ಚತೀನಿ. ಭೀಮಾ ದಂಡಿ ಸಿದ್ರಾಮ."

ನೀಲಮ್ಮ ಹೆಂಗಸರ ನಡುವಿನಿಂದ ಎದ್ದು ನಿಂತದ್ದು ಕಂಡಿತು. ನನ್ನೊಳಗೆ ಒಂದು ಕಡೆ ಸಂತೋಷ ಉಕ್ಕಿತು, ಇನ್ನೊಂದು ಕಡೆ ಸಿದ್ಧಾಂತ ಕುಸಿದು ಬಿತ್ತು. ತಾಟು ಬಂತು. ಸಿದ್ರಾಮನ ಮನೆಯ ಹಿರಿಯ ಅಲ್ಲಿ ನಾನೇ. ವೀಳ್ಯ ಎತ್ತಿ ಕೈಯಲ್ಲಿ ಹಿಡಿದೆ. ಸಿದ್ರಾಮ ಇಲ್ಲ. ಮೊದಲ ಪಾಳಿಯಲ್ಲಿ ತನ್ನ ಹೆಸರಿಲ್ಲವೆಂದು ಅಕ್ಕನ ಗಂಡನಾದ ನಾನೇ ಹೇಳಿರುವಾಗ ಕೂತು ಮಾಡುವುದೇನು ಎಂದು ಅವನು ಬಾವಿಯ ಕಡೆ ನೀರು ಕುಡಿಯಲು ಹೋಗಿದ್ದ. ಅವನನ್ನು ಕರೆಯಲು ಯಾರೋ ಓಡಿದರು.

ನಾನು ಕಾಯುತ್ತ ನಿಂತೆ. ತಲೆಯಲ್ಲಿ ಒಂದೇ ಗಲಾಟೆ. ಹೋಟೆಲಿನಲ್ಲಿ ನಾಳೆ ಏನು ಹೇಳುವುದು? ಸಾಹುಕಾರರಿಗೆ ಆಟ ತಿಳಿಯುವುದಿಲ್ಲ ಎನ್ನುವುದೋ? ಗೋಲಿನಲ್ಲಿ ನಿಲ್ಲುವವನನ್ನು ಎತ್ತಬಾರದು ಎಂದಿದ್ದೆನೇ ಹೊರತು ಎತ್ತುವುದಿಲ್ಲ ಎಂದಿರಲಿಲ್ಲ ಎನ್ನುವುದೋ? ಎರಡನೆಯದು ವಾಸಿ ಅನ್ನಿಸಿತು. ಅದನ್ನು ಹೇಗೆ ಶುರುಮಾಡುವುದು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಕಾಲು ಅಲ್ಲಾಡುತ್ತಿತ್ತು. ಒಳ್ಳೆಯ ಎಲೆ, ಅಡಿಕೆಯೂ ಎಳೆಯದು, ಸುಣ್ಣ ಹದವಾಗಿತ್ತು. ಇದೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದು ಹೊಳೆಯುವಷ್ಟರಲ್ಲಿ ಅಂಗಳದವರೆಲ್ಲ ನನ್ನ ಕಡೆ ತಿರುಗಿದ್ದರು. ನನ್ನ ಕೈ ಖಾಲಿಯಿತ್ತು. ಬಾಯಿ ತುಂಬಿತ್ತು.

ಸಿದ್ರಾಮ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಓಡಿ ಬಂದು, ನನ್ನ ದವಡೆ ನೋಡಿ ನಿಂತುಬಿಟ್ಟ. ಅವನ ಮುಖ ನೆನೆದರೆ ಈಗಲೂ ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸುತ್ತದೆ.

"ಉಗುಳ್ರಿ, ಉಗುಳ್ರಿ" ಎಂದರು ಸಾಹುಕಾರರು.

ಸುರಪುರದ ಕಡೆಯಿಂದ ಒಬ್ಬ ಹಿರಿಯ ನಿಧಾನವಾಗಿ ಎದ್ದ. "ಉಗುಳೋದು ಹ್ಯಾಂಗ್ರಿ ಸಾಹುಕಾರ್ರ? ಬಾಯಿಗಿ ಹೋದ ವೀಳ್ಯ ಹಿಂದ ಬರಂಗಿಲ್ಲಂತ ಹೋದ ವರ್ಷ ನೀವೇ ಹೇಳೀರಿ. ರಿವಾಜ ಅಂದ್ರ ರಿವಾಜ."

ಸಾಹುಕಾರರು ನನ್ನನ್ನು ತಲೆಯಿಂದ ಕಾಲಿನವರೆಗೆ, ನಡುವೆ ಹೊಟ್ಟೆಯ ಹತ್ತಿರ ಸ್ವಲ್ಪ ತಡೆದು, ನೋಡಿದರು. ತಮ್ಮ ಮಾತು ತಾವೇ ನುಂಗುವ ಮನುಷ್ಯರಲ್ಲ ಅವರು. "ಆತು, ಶಹಾಪುರದ ಮೊದಲ ಪಾಳಿ ಇವ್ರೇ" ಎಂದು ಕೂತುಬಿಟ್ಟರು. ವರ್ಷಗಟ್ಟಲೆ ಮೊದಲ ಪಾಳಿಯ ಭವಿಷ್ಯ ಹೇಳಿದ ನಾನು, ಈ ಒಂದು ಹೆಸರನ್ನು ಊಹಿಸಿರಲಿಲ್ಲ.

ಉಳಿದದ್ದು ಯಾದಗಿರಿಯ ಪಾಳಿ ಒಂದೇ. ನಾನು ವಕೀಲ ಸಾಹೇಬರ ಹತ್ತಿರ ಓಡಿ ಕೈ ಮುಗಿದೆ. "ಸಾಹೇಬ್ರ, ನಮ್ಮ ಸಿದ್ರಾಮನ್ನ ತಗೋರಿ. ಅವನಂಥ ಕೈ ಮೂರೂರಾಗ ಇಲ್ಲ."

ವಕೀಲರು ಕಣ್ಣು ಸಣ್ಣ ಮಾಡಿದರು. "ನಿನ್ನೀ ತನಕ ಗೋಲಿನಾಗ ನಿಂದರೋನಿಗಿ ಬೆಲೀನೇ ಇಲ್ಲಂತಿದ್ರಿ. ಇವತ್ತ ಶಹಾಪುರದ ಆಟಗಾರ ಆಗಿ ಬಂದು ನಮಗ ಸಲಹಾ ಕೊಡಾಕತ್ತೀರಿ. ಇದರಾಗ ಏನರ ಅದ." ಅವರು ಕೊಡೇಕಲ್ಲಿನ ಅಣ್ಣನ ಹೆಸರು ಕೂಗಲು ಬಾಯಿ ತೆರೆದರು. ಸಿದ್ರಾಮ ತಲೆ ತಗ್ಗಿಸಿದ. ಶಿರವಾಳದ ಹೆಣ್ಣು ನನ್ನ ಬಾಯಿಯಲ್ಲಿ ಕೆಂಪಾಗಿ ಕರಗಿಹೋಯಿತು ಎಂದುಕೊಂಡೆ.

ಆಗ ನೀಲಮ್ಮ ನಡುವೆ ಬಂದಳು. ವಕೀಲರ ಕಡೆ ನೋಡಲೇ ಇಲ್ಲ. ತಮ್ಮನ ಬೆನ್ನ ಮೇಲೆ ಕೈಯಿಟ್ಟು, ಇಡೀ ಅಂಗಳಕ್ಕೆ ಕೇಳುವಂತೆ, "ಅಳಬ್ಯಾಡ ತಮ್ಮಾ. ಸಾಹುಕಾರ್ರಿಗಿ ನೀ ಬೇಕಾಗಿದ್ದಿ, ಎರಡನೇ ಪಾಳಿಯಾಗ ಬಿಡ್ತಾರೇನು? ಒಂದ ಅಂಗಿ ಮ್ಯಾಲ ಸಿಗತೀ ಅವ್ರಿಗಿ. ಲೀಗ್ ಗೆದ್ದ ಮ್ಯಾಲ ಅವ್ರೇ ಏನರ ನೋಡ್ತಾರ" ಎಂದಳು.

ಅಳುತ್ತಿಲ್ಲದ ಸಿದ್ರಾಮ ಗಾಬರಿಯಾಗಿ ಅಕ್ಕನ ಮುಖ ನೋಡಿದ. ವಕೀಲರ ತೆರೆದ ಬಾಯಿ ಹಾಗೆಯೇ ಉಳಿಯಿತು. ಅವರು ಸಾಹುಕಾರರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಸಾಹುಕಾರರನ್ನು ನೋಡಿದರು. ನಾನು ವೀಳ್ಯ ಅಗಿದದ್ದು, ಬಂದು ಕೈ ಮುಗಿದದ್ದು, ಎಲ್ಲ ಒಳಸಂಚೂ ಅವರಿಗೆ ಬೆಳಗಾದಂತೆ ಕಂಡಿತು.

"ಯಾದಗಿರಿ ಮೊದಲ ಪಾಳಿ, ಸಿದ್ರಾಮ" ಎಂದರು.

ತಾಟು ಹೊರಟಿತು. ಮನೆಯ ಹಿರಿಯ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಮೂರೂ ಊರಿನವರು ಒಂದೇ ದನಿಯಲ್ಲಿ ಬೇಡ ಎಂದರು. ನೀಲಮ್ಮನೇ ವೀಳ್ಯ ಎತ್ತಿ ತಮ್ಮನ ಬಾಯಿಗಿಟ್ಟು, ಅವನು ಎರಡು ಸಲ ಅಗಿಯುವವರೆಗೂ ಅವನ ಗದ್ದ ಹಿಡಿದುಕೊಂಡೇ ನಿಂತಳು.

ಆ ವರ್ಷ ನಾನು ಶಹಾಪುರಕ್ಕೆ ಆಡಿದೆ. ಗಿರಣಿಯ ನೌಕರಿ ಬೇಡವೆಂದು ಕೈ ಮುಗಿದರೂ ಅಂಗಿ ತಪ್ಪಲಿಲ್ಲ, ಅದು ಹೊಟ್ಟೆಯ ಮೇಲೆ ಬರಲಿಲ್ಲ. ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಬಂದಾಗ ಸಾಹುಕಾರರು, "ಗೋಲಿನಾಗ ಯಾರು ಬೇಕಾದ್ರೂ ನಿಂದರಬಹುದಂತ ನೀವೇ ಹೇಳ್ತಿದ್ರೆಲ್ಲ, ನಿಂದರ್ರಿ" ಎಂದರು. ನಿಂತೆ. ಕಾಲು ಅಲ್ಲಾಡಿಸುತ್ತ, ಚಂಡು ಎಡಕ್ಕೆ ಬರುತ್ತದೆ ಎಂದು ಪ್ರತಿ ಸಲವೂ ಖಚಿತವಾಗಿ ಊಹಿಸಿ ಎಡಕ್ಕೆ ಬಿದ್ದೆ. ಅದು ಬಲಕ್ಕೆ ಹೋಯಿತು. ಹೋದ ವರ್ಷ ಬಂಡಿ ಹೋಗುವ ದಾರಿಯಿತ್ತು, ಈ ವರ್ಷ ಮೇಲ್ ರೈಲೇ ಹೋಗುತ್ತಿದೆ ಎಂದು ಹುಸೇನಸಾಬ ಗೆರೆಯಾಚೆಯಿಂದ ಕೂಗುತ್ತಿದ್ದ. ಚಹಾದ ಕೆನೆ ಮಾತ್ರ ಆಗಲೇ ನಿಂತುಹೋಗಿತ್ತು. ಯಾದಗಿರಿಯ ಜೊತೆ ಆಟವಿದ್ದ ದಿನ ಮೈದಾನದ ಆ ತುದಿಯ ಗೋಲಿನಲ್ಲಿ ಸಿದ್ರಾಮ, ಕೆಲಸವಿಲ್ಲದೆ, ನನ್ನ ಕಡೆ ಕೈ ಬೀಸುತ್ತಿದ್ದ.

ದೀಪಾವಳಿಗೆ ಮುಂಚೆಯೇ ಶಿರವಾಳದಲ್ಲಿ ನಿಶ್ಚಯವಾಯಿತು. ಬೀಗರ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಕೊನೆಗೆ ಸಿದ್ರಾಮನ ಕೈಗೆ ಹೋಗಬೇಕಾದ ನಿಶ್ಚಯದ ವೀಳ್ಯದ ತಾಟು ಹಿರಿಯರು ಒಬ್ಬೊಬ್ಬರಿಂದ ಮುಟ್ಟಿಸಿಕೊಳ್ಳುತ್ತ ಬರುತ್ತಿತ್ತು. ಇಲ್ಲಿಯೂ ನನ್ನ ರೋಗ ಬಿಡಲಿಲ್ಲ. ನನ್ನ ಕಥೆ ಶಿರವಾಳಕ್ಕೂ ಮುಟ್ಟಿದೆ, ತಾಟು ನನ್ನ ಮುಂದೆ ಬಂದಾಗ ಹುಡುಗಿಯ ಅಪ್ಪನೇ ಗಾಬರಿಯಾಗಿ ನನ್ನ ಕೈ ಹಿಡಿಯುತ್ತಾನೆ, ಬೇಕಾದರೆ ನೋಡು ಎಂದು ಪಕ್ಕದಲ್ಲಿದ್ದ ಹುಸೇನಸಾಬನಿಗೆ ಮೊದಲೇ ಹೇಳಿದ್ದೆ. ತಾಟು ಬಂತು. ಬೀಗರು ಪಾಪ, ನಗುನಗುತ್ತ ಅದನ್ನು ನನ್ನ ಕಡೆಗೇ ಚಾಚಿದರು. ಹಿಂದಿನಿಂದ ಬಳೆಯ ಕೈಯೊಂದು ಬಂದು ನನ್ನ ಮಣಿಕಟ್ಟನ್ನು ಭದ್ರವಾಗಿ ಹಿಡಿಯಿತು.

"ಇವ್ರಿಗಿ ಕೊಡಬ್ಯಾಡ್ರಿ ಅಣ್ಣಾರ" ಎಂದಳು ನೀಲಮ್ಮ, "ಮತ್ತ ನಾ ಸವತೀ ಕೂಡ ಬಾಳೇ ಮಾಡಬೇಕಾಗ್ತದ."